ಯಾರ ಅಳತೆಗೆ ಯಾರ ಅಂಗಿ?

ಕೆಲವು ವರ್ಷಗಳ ಹಿಂದಿನ ಮಾತು. ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ಹೆಣ್ಣುಮಕ್ಕಳ ಸಮವಸ್ತ್ರದ ಗಂಟುಗಳು ಬಂದವು. ಪ್ರತಿ ಗಂಟಿನ ಮೇಲೂ ಒಂದೊಂದು ಚೀಟಿ. "6ನೇ ತರಗತಿ", "7ನೇ ತರಗತಿ", "8ನೇ ತರಗತಿ"... ಹೊಲಿದವರು ನಮ್ಮ ಮಕ್ಕಳನ್ನು ನೋಡಿರಲಿಲ್ಲ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಅನ್ನುವ ಲೆಕ್ಕ ಮಾತ್ರ ಅವರಿಗೆ ಹೋಗಿತ್ತು. ಹಂಚಿದ ದಿನ ನಗುವೋ ನಗು! ಒಬ್ಬಳಿಗೆ ತೋಳು ಬೆರಳು ದಾಟಿ ಇಳಿದಿತ್ತು. ಪಕ್ಕದವಳಿಗೆ ಮೊಣಕೈಗೇ ನಿಂತಿತ್ತು. ಮಕ್ಕಳ ಜೊತೆ ನಾವೂ ನಕ್ಕೆವು, ಒಪ್ಪಿಕೊಳ್ಳುತ್ತೇವೆ.

ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ಎಂಟನೇ ತರಗತಿಯ ಒಬ್ಬ ಹುಡುಗಿ, ಲೆಕ್ಕದಲ್ಲಿ ಬಹಳ ಚುರುಕು, ಬೋರ್ಡಿನ ಹತ್ತಿರ ಬರುವುದನ್ನೇ ಬಿಟ್ಟಳು. ಕರೆದರೆ "ಇಲ್ಲೇ ಹೇಳ್ತೀನಿ ಸಾರ್" ಎಂದು ತಲೆ ತಗ್ಗಿಸುತ್ತಿದ್ದಳು. ನಮ್ಮ ಮೇಡಂ ಒಬ್ಬರು ಮೆಲ್ಲಗೆ ವಿಚಾರಿಸಿದಾಗ ಗೊತ್ತಾಯಿತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಅಂಗಿ ಕಂಕುಳಲ್ಲಿ ಹಿಡಿದು, ಸೊಂಟದಿಂದ ಮೇಲಕ್ಕೆ ಏರುತ್ತಿತ್ತಂತೆ. ಹಿಂದೆ ಕೂತ ಹುಡುಗರು ನಗುತ್ತಿದ್ದರಂತೆ. ಒಂದು ಅಂಗಿ ಒಬ್ಬ ಹುಡುಗಿಯ ಲೆಕ್ಕವನ್ನೇ ನಿಲ್ಲಿಸಿಬಿಟ್ಟಿತ್ತು.

ಆ ಹುಡುಗಿಯ ತಾಯಿ ಮಾಡುವ ಕೆಲಸವೇನು ಗೊತ್ತೇ? ಹೊಲಿಗೆ! ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ನೂರಾರು ಮಹಿಳೆಯರಲ್ಲಿ ಅವರೂ ಒಬ್ಬರು. ಇತ್ತ ಮಡಕಶಿರಾ ಕಡೆಯ ನಮ್ಮ ಮಕ್ಕಳ ಎಷ್ಟೋ ತಾಯಂದಿರು ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಾರೆ. ಅಲ್ಲಿಂದ ಹೊರದೇಶಕ್ಕೆ ಹೋಗುವ ಬಟ್ಟೆಗೆ ಅಳತೆಪಟ್ಟಿ ಇರುತ್ತದೆ. ಸ್ವಲ್ಪ ಹೆಚ್ಚುಕಡಿಮೆಯಾದರೂ ಪೀಸು ವಾಪಸ್ಸು. ಪರದೇಶದ ಹುಡುಗಿಗೆ ಅಷ್ಟು ಕರಾರುವಾಕ್ಕಾಗಿ ಹೊಲಿಯುವವರ ಮನೆಯ ಹುಡುಗಿಗೇ ಅಂಗಿ ಸರಿಹೊಂದುವುದಿಲ್ಲವೆಂದರೆ?

ಅಂದಿನಿಂದ ಈ 'ಸೈಜು' ಅನ್ನುವುದರ ಬೆನ್ನು ಹತ್ತಿದೆವು. ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅದರ ಒಂದು ಎಳೆ ನಮ್ಮ ಬಳ್ಳಾರಿ ಸೀಮೆಗೂ ಬಂದು ಸೇರುತ್ತದೆ.

ಸೀರೆಗೆ ಸೈಜಿಲ್ಲ

ನಮ್ಮ ಅಜ್ಜಿಯರಿಗೆ ಈ ತೊಂದರೆ ಇರಲಿಲ್ಲ. ರಾಯದುರ್ಗದ ಪಕ್ಕದಲ್ಲೇ ಮೊಳಕಾಲ್ಮೂರು. ಅಲ್ಲಿ ನೇಯ್ದ ಸೀರೆ ತೆಳ್ಳಗಿನವರಿಗೂ ಆದೀತು, ದಪ್ಪಗಿನವರಿಗೂ ಆದೀತು. ಅತ್ತೆಯ ಸೀರೆ ಸೊಸೆಗೆ, ಅಕ್ಕನ ಸೀರೆ ತಂಗಿಗೆ. ಹೊಲಿಗೆ ಬೇಕಾಗಿದ್ದುದು ರವಿಕೆಗೆ ಮಾತ್ರ. ಅದಕ್ಕೂ ಟೇಪು ಹಿಡಿಯುವುದು ಕಡಿಮೆ. "ಒಂದು ಅಳತಿ ಜಾಕೀಟು ಕೊಡ್ರಿ, ಸಾಕು" ಅನ್ನುತ್ತಿದ್ದರು ಟೈಲರ್. ಹಳೆಯ ಜಾಕೀಟೇ ಅಳತೆ. ಒಬ್ಬರಿಗೆ ಒಂದು ಅಳತೆ, ಆ ಅಳತೆ ಅವರದೇ.

ಗಂಡಸರ ಬಟ್ಟೆಗೆ ಸೈಜು ಬಂದದ್ದು ಮುಖ್ಯವಾಗಿ ಸೈನ್ಯದಿಂದ. ಸಾವಿರಾರು ಸಿಪಾಯಿಗಳಿಗೆ ಒಬ್ಬೊಬ್ಬರ ಅಳತೆ ಹಿಡಿದು ಹೊಲಿಯಲು ಸಮಯವೆಲ್ಲಿ? 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸಿಪಾಯಿಗಳ ಅಳತೆ ಹಿಡಿದು ನೋಡಿದಾಗ ಕೆಲವು ಅಳತೆಗಳು ಮತ್ತೆ ಮತ್ತೆ ಬರುವುದು ಕಂಡಿತು. ಆ ಕೆಲವು ಅಳತೆಗಳಲ್ಲೇ ಹೊಲಿದು ಇಟ್ಟರೆ ಬಹುಪಾಲು ಜನರಿಗೆ ಆಗುತ್ತದೆ ಅನ್ನುವುದು ಅಲ್ಲಿ ಕಲಿತ ಪಾಠ. ನಮ್ಮ ಬಳ್ಳಾರಿಯ ಜೀನ್ಸ್ ಕೆಲಸದ ಮೂಲವೂ ಕಂಟೋನ್ಮೆಂಟಿನ ಸೈನಿಕರಿಗೆ ಸಮವಸ್ತ್ರ ಹೊಲಿಯಲು ಬಂದ ದರ್ಜಿ ಕುಟುಂಬಗಳಲ್ಲಿದೆ ಎಂದು ಅಲ್ಲಿಯ ಹೊಲಿಗೆಯವರು ಹೇಳಿಕೊಳ್ಳುತ್ತಾರೆ.

ಹೆಂಗಸರ ಅಳತೆಯನ್ನು ಮಾತ್ರ ಬಹಳ ಕಾಲ ಯಾರೂ ಲೆಕ್ಕವಿಟ್ಟು ಹಿಡಿಯಲಿಲ್ಲ. ಎದೆಯ ಸುತ್ತಳತೆ ಒಂದನ್ನು ತಿಳಿದರೆ ಸಾಕು, ಭುಜ, ಸೊಂಟ, ತೋಳು ಎಲ್ಲವನ್ನೂ ಅದರ ಕಾಲುಭಾಗ, ಅರ್ಧಭಾಗ ಎಂದು ಲೆಕ್ಕ ಹಾಕಿ ಕತ್ತರಿಸುವುದು ಟೈಲರ್‌ಗಳ ಹಳೆಯ ಪದ್ಧತಿ. ಎದುರಿಗೆ ಆಳು ನಿಂತಿದ್ದರೆ ತಪ್ಪನ್ನು ತಿದ್ದಿಕೊಳ್ಳಬಹುದು. ಆಳು ಇಲ್ಲದೆ ಸಾವಿರ ಅಂಗಿ ಹೊಲಿದರೆ? ತಪ್ಪೂ ಸಾವಿರ!

59 ಅಳತೆ, 14,698 ಹೆಂಗಸರು

ಅಮೆರಿಕದಲ್ಲಿ ಅಂಚೆ ಮೂಲಕ ಬಟ್ಟೆ ಮಾರುವ ಕಂಪನಿಗಳು ಹೆಚ್ಚಿದಾಗ ಈ ತಪ್ಪಿನ ಬೆಲೆ ತಿಳಿಯಿತು. ಹೆಂಗಸರು ಪುಸ್ತಕ ನೋಡಿ ತರಿಸಿಕೊಳ್ಳುವುದು, ಆಗದೆ ವಾಪಸ್ಸು ಕಳಿಸುವುದು. ಕೊನೆಗೆ ಅಲ್ಲಿಯ ಕೃಷಿ ಇಲಾಖೆಯ ಗೃಹ ಅರ್ಥಶಾಸ್ತ್ರ ವಿಭಾಗದ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ 1939-40ರಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಟೇಪು ಹಿಡಿದು ಒಬ್ಬೊಬ್ಬರಿಂದ 59 ಅಳತೆ ತೆಗೆದುಕೊಂಡರು. ಲೆಕ್ಕಕ್ಕೆ ಸೇರಿದವರು 14,698 ಹೆಂಗಸರು. 1941ರಲ್ಲಿ ವರದಿ ಪ್ರಕಟವಾಯಿತು. ಅದು ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದವರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯ ಹಣ ಇದಕ್ಕೆ ಒದಗಿತು. 2006ರ ಫೆಬ್ರವರಿ 2ರಂದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಶುರುವಾದ ಉದ್ಯೋಗ ಖಾತ್ರಿಯನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಕೆರೆಯ ಮಣ್ಣನ್ನು ಅಳೆದರು, ಅವರಲ್ಲಿ ಮೈಯನ್ನು ಅಳೆದರು!

ಈ ವರದಿ ಹೇಳಿದ ಮುಖ್ಯ ಮಾತನ್ನು ಶಿಕ್ಷಕರು ಮನಸ್ಸಿಟ್ಟು ಓದಬೇಕು. ಎದೆಯ ಸುತ್ತಳತೆ ಒಂದರಿಂದಲೇ ಮೈಯ ಉಳಿದ ಅಳತೆ ಹೇಳಲಾಗದು. ಉದ್ದದ ಅಳತೆಗಳು, ಅಂದರೆ ತೋಳು, ಕಾಲು, ಬೆನ್ನು, ಎತ್ತರದ ಜೊತೆ ಹೋಗುತ್ತವೆ. ಸುತ್ತಳತೆಗಳು, ಅಂದರೆ ಎದೆ, ಸೊಂಟ, ತೋಳಿನ ದಪ್ಪ, ತೂಕದ ಜೊತೆ ಹೋಗುತ್ತವೆ. ಆದ್ದರಿಂದ ಸೈಜು ಹೇಳಲು ಎರಡು ಸಂಖ್ಯೆ ಬೇಕು. ಅತ್ಯುತ್ತಮ ಜೋಡಿ ಎತ್ತರ ಮತ್ತು ತೂಕ. ಆದರೆ ಅಂಗಡಿಯಲ್ಲಿ ತಕ್ಕಡಿ ಇಡುವುದು ಹೇಗೆ? ಹೆಂಗಸರು ಅಂಗಡಿಯವನಿಗೆ ತಮ್ಮ ತೂಕ ಹೇಳುತ್ತಾರೆಯೇ? ಆಗದ ಮಾತು ಎಂದು ಆ ಜೋಡಿ ಅಲ್ಲಿಗೇ ಉಳಿಯಿತು. ಮುಂದೆ 1958ರಲ್ಲಿ ಅಮೆರಿಕ ಸರ್ಕಾರ ಹೊರಡಿಸಿದ ಮಾನಕದಲ್ಲಿ ಎದೆಯಳತೆಗೆ ಒಂದು ಸಂಖ್ಯೆ, ಎತ್ತರಕ್ಕೆ ಒಂದು ಅಕ್ಷರ, ಸೊಂಟದ ಕೆಳಗಿನ ಸುತ್ತಳತೆಗೆ ಒಂದು ಗುರುತು ಇದ್ದವು. ಅಂಗಡಿಗಳು ಅಷ್ಟು ಬಗೆ ಇಡಲಾರದೆ ಹೋದವು. ಒಂದೊಂದು ಕಂಪನಿ ತನ್ನದೇ ಸೈಜು ಮಾಡಿಕೊಂಡಿತು. 1983ರಲ್ಲಿ ಸರ್ಕಾರ ಆ ಮಾನಕವನ್ನೇ ವಾಪಸ್ಸು ಪಡೆಯಿತು. ಇವತ್ತು ಒಂದು ಅಂಗಡಿಯ 'ಎಂ' ಇನ್ನೊಂದು ಅಂಗಡಿಯ 'ಎಲ್' ಆಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತನ್ನು ಹೇಳದೆ ಬಿಡಬಾರದು. ಅಳತೆ ಕೊಡಲು ಕಪ್ಪು ಹೆಂಗಸರೂ ಬಂದಿದ್ದರು. ಟೇಪು ಹಿಡಿದರು, ಬರೆದುಕೊಂಡರು. ಆದರೆ ಲೆಕ್ಕ ಮಾಡುವಾಗ ಅವರ ಅಳತೆಗಳನ್ನು ಬದಿಗಿಟ್ಟರು! ಲೆಕ್ಕಕ್ಕೆ ಸೇರಿದ್ದು ಬಿಳಿಯರ ಮೈ ಮಾತ್ರ. ಹೆಸರು ಮಾತ್ರ 'ಹೆಂಗಸರ ಅಳತೆ'.

ಸರಾಸರಿ ಹುಡುಗಿ ಎಲ್ಲಿದ್ದಾಳೆ?

ನಾವು ತರಗತಿಯಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಹೇಳಿಕೊಡುತ್ತೇವೆ. ಬಹುಲಕಕ್ಕೆ ಉದಾಹರಣೆ ಕೊಡುವಾಗ ಚಪ್ಪಲಿ ಅಂಗಡಿ, ಅಂಗಿ ಅಂಗಡಿ ಬಂದೇ ಬರುತ್ತದೆ. ಯಾವ ಸೈಜು ಹೆಚ್ಚು ಖರ್ಚಾಗುತ್ತದೋ ಅದನ್ನು ಅಂಗಡಿಯವನು ಹೆಚ್ಚು ತರಿಸುತ್ತಾನೆ. ಇಷ್ಟು ಹೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಆದರೆ ಆ ಸೈಜಿನೊಳಗೆ ಇಲ್ಲದವರು ಏನು ಮಾಡಬೇಕು ಅನ್ನುವ ಪ್ರಶ್ನೆ ಪುಸ್ತಕದಲ್ಲಿಲ್ಲ.

1945ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಊರಿನಲ್ಲಿ ಒಂದು ಸ್ಪರ್ಧೆ ನಡೆಯಿತು. ಓಬ್ರಿಯನ್ ತಂಡದ ಅಳತೆಗಳನ್ನೂ ಬಳಸಿ ಶಿಲ್ಪಿಯೊಬ್ಬರು 'ನಾರ್ಮಾ' ಎಂಬ ಸರಾಸರಿ ಹೆಂಗಸಿನ ಮೂರ್ತಿ ಮಾಡಿದ್ದರು. ಆ ಮೂರ್ತಿಯ 9 ಅಳತೆಗೆ ಸರಿಹೊಂದುವ ಹೆಂಗಸು ಯಾರು ಎಂದು ಪತ್ರಿಕೆಯೊಂದು ಕರೆ ಕೊಟ್ಟಿತು. 3,864 ಹೆಂಗಸರು ಅಳತೆ ಕಳಿಸಿದರು. 9 ಅಳತೆಗೂ ಹೊಂದಿದವರು ಎಷ್ಟು? ಒಬ್ಬರೂ ಇಲ್ಲ! ಹತ್ತಿರ ಬಂದವರಿಗೆ ಬಹುಮಾನ ಕೊಟ್ಟು ಮುಗಿಸಿದರು.

ಇದು ಹೇಗೆ ಸಾಧ್ಯ ಅನ್ನುವವರು ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿ. 40 ಹುಡುಗಿಯರ ತರಗತಿ. ಎತ್ತರದಲ್ಲಿ ಅರ್ಧದಷ್ಟು ಮಕ್ಕಳು ಸರಾಸರಿಯ ಹತ್ತಿರ ಇದ್ದಾರೆ ಅನ್ನೋಣ. 20 ಉಳಿದರು. ಭುಜದ ಅಗಲದಲ್ಲಿ ಆ 20ರಲ್ಲಿ ಅರ್ಧ, 10. ತೋಳಿನ ಉದ್ದದಲ್ಲಿ ಮತ್ತೆ ಅರ್ಧ, 5. ಬರೀ ಮೂರು ಅಳತೆಗೇ 40ರಲ್ಲಿ 5 ಜನ! 9 ಅಳತೆಗೆ ಹೋದರೆ 512ರಲ್ಲಿ ಒಬ್ಬಳು. ನಿಜವಾಗಿ ಅಳತೆಗಳು ಒಂದಕ್ಕೊಂದು ಸ್ವಲ್ಪ ಅಂಟಿಕೊಂಡಿರುತ್ತವೆ. ಎತ್ತರದವಳ ತೋಳೂ ಉದ್ದವಿರುತ್ತದೆ. ಆದ್ದರಿಂದ ಇಷ್ಟು ಬೇಗ ಕಡಿಮೆಯಾಗುವುದಿಲ್ಲ. ಆದರೂ ದಾರಿ ಇದೇ.

ಹಾಗಾದರೆ ಎಷ್ಟು ಅಂಟಿಕೊಂಡಿರುತ್ತವೆ? ಅದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಇಲ್ಲಿಗೆ ನಮ್ಮ ಸೀಮೆಯವರೊಬ್ಬರು ಬರುತ್ತಾರೆ.

ಹೂವಿನ ಹಡಗಲಿಯಲ್ಲಿ ಹುಟ್ಟಿದವರು

1920ರ ಸೆಪ್ಟೆಂಬರ್ 10ರಂದು ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿಯಲ್ಲಿ ಒಂದು ತೆಲುಗು ಮನೆಯಲ್ಲಿ ಮಗು ಹುಟ್ಟಿತು. ತಂದೆ ಪೊಲೀಸ್ ಇಲಾಖೆಯವರು, ಊರೂರು ವರ್ಗಾವಣೆ. ಆ ಮಗುವೇ ಕಲ್ಯಂಪೂಡಿ ರಾಧಾಕೃಷ್ಣ ರಾವ್, ಲೋಕವೆಲ್ಲ ಸಿ. ಆರ್. ರಾವ್ ಎಂದು ತಿಳಿದ ಸಂಖ್ಯಾಶಾಸ್ತ್ರಜ್ಞರು. ಹಡಗಲಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅವರು ಹುಟ್ಟಿದಾಗ ನಮ್ಮ ರಾಯದುರ್ಗ ತಾಲ್ಲೂಕೂ ಅದೇ ಬಳ್ಳಾರಿ ಜಿಲ್ಲೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆಲೂರು, ಆದೋನಿಯ ಜೊತೆ ರಾಯದುರ್ಗವೂ ಇತ್ತ ಬಂತು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗಲೇ ಬಳ್ಳಾರಿಯನ್ನು ಬಿಟ್ಟಿತ್ತು. 2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ರಾವ್ 1941ರಲ್ಲಿ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದರು. 1931ರಲ್ಲಿ ಅದನ್ನು ಕಟ್ಟಿದವರು ಪ್ರಶಾಂತ ಚಂದ್ರ ಮಹಲನೋಬಿಸ್. ಮಹಲನೋಬಿಸ್ ಈ ಶಾಸ್ತ್ರಕ್ಕೆ ಕಾಲಿಟ್ಟದ್ದೇ ಮನುಷ್ಯರ ಮೈಯಳತೆಯಿಂದ. ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ಎತ್ತರದ ಮೇಲೆ ಅವರು 1922ರಲ್ಲಿ ಬರೆದರು. 1936ರಲ್ಲಿ 'ಡಿ-ಸ್ಕ್ವೇರ್' ಎಂಬ ಅಂತರದ ಸೂತ್ರ ಕೊಟ್ಟರು. ಸರಳವಾಗಿ ಹೇಳುವುದಾದರೆ ಹೀಗೆ. ಇಬ್ಬರು ಎತ್ತರದಲ್ಲಿ ಬೇರೆ, ತೋಳಿನಲ್ಲಿ ಬೇರೆ, ಕಾಲಿನಲ್ಲಿ ಬೇರೆ ಎಂದು ಮೂರು ವ್ಯತ್ಯಾಸ ಎಣಿಸಿದರೆ ಒಂದೇ ಸಂಗತಿಯನ್ನು ಮೂರು ಸಲ ಎಣಿಸಿದಂತೆ. ಏಕೆಂದರೆ ಮೂರೂ ಒಟ್ಟಿಗೆ ಹೋಗುತ್ತವೆ. ಒಟ್ಟಿಗೆ ಹೋಗುವುದನ್ನು ಕಳೆದು, ನಿಜವಾದ ವ್ಯತ್ಯಾಸ ಎಷ್ಟು ಎಂದು ಹೇಳುವುದೇ ಆ ಸೂತ್ರದ ಕೆಲಸ.

1941ರಲ್ಲಿ ಸಂಯುಕ್ತ ಪ್ರಾಂತದಲ್ಲಿ ನಡೆದ ಮೈಯಳತೆಯ ಸಮೀಕ್ಷೆಯ ಅಂಕಿಗಳನ್ನು ಮಹಲನೋಬಿಸ್, ಮಜುಂದಾರ್, ರಾವ್ ಮೂವರೂ ಸೇರಿ ಲೆಕ್ಕ ಮಾಡಿ 1949ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ರಾವ್ ಕೇಂಬ್ರಿಡ್ಜಿಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಹಳೆಯ ಕಾಲದ ಮನುಷ್ಯರ ಎಲುಬುಗಳ ಅಳತೆಗಳನ್ನು ಇದೇ ದಾರಿಯಲ್ಲಿ ಲೆಕ್ಕ ಹಾಕಿದ್ದರು. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಒಬ್ಬ ವ್ಯಕ್ತಿ ಹಲವು ಗುಂಪುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಹೇಳುವ ಕ್ರಮವನ್ನು 1948ರಲ್ಲಿ ಬೆಳೆಸಿದರು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಬಂದವು. ಅದೇ 2023ರ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ ತೀರಿಕೊಂಡರು.

ಅವರು ಅಂಗಿಗಾಗಿ ಲೆಕ್ಕ ಮಾಡಲಿಲ್ಲ, ನಿಜ. ಜನಾಂಗಗಳು ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಆ ಕಾಲದವರ ಪ್ರಶ್ನೆ. ಆದರೆ "ಈ ಮೈ ಯಾವ ಗುಂಪಿಗೆ ಹತ್ತಿರ?" ಅನ್ನುವುದು ಸೈಜಿನ ಪ್ರಶ್ನೆಯೂ ಹೌದಲ್ಲವೇ? ಇವತ್ತು ಸೈಜು ಮಾಡುವವರು ಬಳಸುವುದು ಇದೇ ಬಳಗದ ಗಣಿತವನ್ನು. ಇಷ್ಟು ಗಣಿತ ನಮ್ಮ ದೇಶದಲ್ಲಿ ಬೆಳೆದಿದ್ದರೂ, ನಮ್ಮ ಹೆಂಗಸರ ಅಳತೆ ಹಿಡಿದು ನಮ್ಮದೇ ಸೈಜು ಮಾಡುವ ದೊಡ್ಡ ಕೆಲಸ ಮಾತ್ರ ಬಹಳ ತಡವಾಯಿತು. ಅಲ್ಲಿಯವರೆಗೆ ನಮ್ಮ ಅಂಗಡಿಗಳಲ್ಲಿ ಬ್ರಿಟನ್, ಅಮೆರಿಕದ ಪಟ್ಟಿಗಳನ್ನೇ ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ನಡೆಸಿದರು.

ಆರು ನಗರ, 25,000 ಜನ

2018ರಲ್ಲಿ ಕೇಂದ್ರದ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) 'ಇಂಡಿಯಾಸೈಜ್' ಎಂಬ ಯೋಜನೆ ಪ್ರಕಟಿಸಿದವು. ಕೋಲ್ಕತ್ತ, ಮುಂಬಯಿ, ದೆಹಲಿ, ಹೈದರಾಬಾದ್, ಬೆಂಗಳೂರು, ಶಿಲ್ಲಾಂಗ್, ಈ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಗಂಡಸರು ಹೆಂಗಸರ ಅಳತೆ ತೆಗೆಯುವ ಯೋಜನೆ. ಟೇಪು ಇಲ್ಲ, ಯಾರೂ ಮೈ ಮುಟ್ಟುವಂತಿಲ್ಲ. ಯಂತ್ರದೊಳಗೆ ನಿಂತರೆ ಕೆಲವು ಕ್ಷಣಗಳಲ್ಲಿ ಇಡೀ ಮೈಯ ಆಕಾರ ಕಂಪ್ಯೂಟರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ 2001-02ರಲ್ಲೇ ಹೀಗೆ ಸುಮಾರು 11,000 ಜನರ ಅಳತೆ ತೆಗೆದಿದ್ದರು.

ಒಳ್ಳೆಯ ಕೆಲಸ. ಸಂತೋಷ. ಆದರೆ ನಾವು ಶಿಕ್ಷಕರು, ಹಾಜರಿ ಪುಸ್ತಕ ತೆಗೆದು ನೋಡುವವರು. ಯಾರು ಹಾಜರು, ಯಾರು ಗೈರುಹಾಜರು? 15 ವರ್ಷಕ್ಕೆ ಮೊದಲಿನ ಹುಡುಗಿಯರು ಯೋಜನೆಯ ಲೆಕ್ಕದಲ್ಲೇ ಇಲ್ಲ. ಮೈ ಬಹಳ ಬೇಗ ಬದಲಾಗುವುದು ಅದೇ ವಯಸ್ಸಿನಲ್ಲಿ. ಹುಡುಗಿಯರು 11-12ರ ಸುಮಾರಿಗೆ ಸರ್ರನೆ ಬೆಳೆಯುತ್ತಾರೆ, ಹುಡುಗರು ಅವರಿಗಿಂತ ಎರಡು ವರ್ಷ ಹಿಂದೆ. ಒಂದೇ ತರಗತಿಯಲ್ಲಿ ಬೆಳೆದು ನಿಂತವಳೂ ಇರುತ್ತಾಳೆ, ಇನ್ನೂ ಬೆಳೆಯದವಳೂ ಇರುತ್ತಾಳೆ. "8ನೇ ತರಗತಿ" ಅನ್ನುವುದು ಸೈಜೇ ಅಲ್ಲ! ಇನ್ನು ಅಳತೆ ತೆಗೆದದ್ದು ನಗರಗಳಲ್ಲಿ. ಡಿ. ಹಿರೇಹಾಳಿನ, ಅಗಳಿಯ, ರೊಳ್ಳದ, ಅಮರಾಪುರದ ಹುಡುಗಿ ಬೆಂಗಳೂರಿನ ಹುಡುಗಿಯ ಲೆಕ್ಕದಲ್ಲೇ ಬಂದುಬಿಡುತ್ತಾಳೆ ಎಂದು ನಂಬಿ ಕೂರುವುದು ಸರಿಯೇ?

ಈ ಚರಿತ್ರೆಯಿಂದ ನಾವು ಕಲಿತದ್ದು ಇಷ್ಟು. ಲೆಕ್ಕ ಎಷ್ಟೇ ಸೊಗಸಾಗಿರಲಿ, ಟೇಪು ಯಾರ ಮೈಮೇಲೆ ಹಾಯಲಿಲ್ಲವೋ ಅವರಿಗೆ ಅಂಗಿ ಆಗುವುದಿಲ್ಲ. 1940ರ ಅಮೆರಿಕದ ಕಪ್ಪು ಹೆಂಗಸರಿಗೂ ಆಗಲಿಲ್ಲ, ನಮ್ಮ ಎಂಟನೇ ತರಗತಿಯ ಹುಡುಗಿಗೂ ಆಗಲಿಲ್ಲ.

ನಮ್ಮ ಬೀರುವಿನಲ್ಲೇ ಇದೆ

ಈಗ ಒಂದು ಸಂತೋಷದ ಮಾತು. ಎತ್ತರ ಮತ್ತು ತೂಕ, ಈ ಜೋಡಿಯೇ ಅತ್ಯುತ್ತಮ, ಆದರೆ ಅಂಗಡಿಯಲ್ಲಿ ಸಿಕ್ಕುವುದಿಲ್ಲ ಅಂದರಲ್ಲ? ಅದು ಶಾಲೆಯಲ್ಲಿ ಸಿಕ್ಕುತ್ತದೆ! ಮಕ್ಕಳ ಆರೋಗ್ಯ ತಪಾಸಣೆ ನಡೆದಾಗ ಎತ್ತರ, ತೂಕ ಬರೆದಿಡುತ್ತೇವೆ. ಬರೆದು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅಂಕಿಗಳು ಅಲ್ಲೇ ಮಲಗಿರುತ್ತವೆ. ಬರೀ ಬಟ್ಟೆ ಕೊಟ್ಟು ಊರಲ್ಲೇ ಹೊಲಿಸಿಕೊಳ್ಳಿ ಎಂದ ವರ್ಷಗಳಲ್ಲಿ ತೊಂದರೆ ಕಡಿಮೆ. ಹೊಲಿದು ಕೊಡುವ ವರ್ಷಗಳಲ್ಲಿಯಾದರೂ ಆ ಅಂಕಿಗಳನ್ನು ಎಬ್ಬಿಸಬೇಕು.

ನಮಗೆ ತೋಚಿದ್ದನ್ನು ಹೇಳುತ್ತೇವೆ. ಒಂದು, ಸಮವಸ್ತ್ರದ ಬೇಡಿಕೆ ಕಳಿಸುವಾಗ ತರಗತಿವಾರು ಸಂಖ್ಯೆಯ ಬದಲು ಎತ್ತರ-ತೂಕದ ಗುಂಪುವಾರು ಸಂಖ್ಯೆ ಕಳಿಸೋಣ. ಅಡ್ಡಸಾಲಿನಲ್ಲಿ ಎತ್ತರ, ಕಂಬಸಾಲಿನಲ್ಲಿ ತೂಕ, ಮನೆಗಳಲ್ಲಿ ಮಕ್ಕಳ ಸಂಖ್ಯೆ. ಹೆಸರು ಬೇಡ. ಎರಡು, ಅಳತೆ ಹಿಡಿಯುವ ಕೆಲಸ ಹೆಣ್ಣುಮಕ್ಕಳ ಮಟ್ಟಿಗೆ ಮೇಡಂಗಳೇ ಮಾಡಲಿ, ಪ್ರತ್ಯೇಕವಾಗಿ. ಯಾರ ತೂಕವನ್ನೂ ತರಗತಿಯಲ್ಲಿ ಓದಿ ಹೇಳಬಾರದು. ಅಮೆರಿಕದ ಹೆಂಗಸರು ಅಂಗಡಿಯಲ್ಲಿ ನಾಚಿದರೆ ನಮ್ಮ ಮಕ್ಕಳು ನಾಚುವುದಿಲ್ಲವೇ? ಮೂರು, ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಇದೇ ಪಟ್ಟಿ ಇಟ್ಟುಕೊಳ್ಳೋಣ. ಸರಾಸರಿ ತೆಗೆಸೋಣ. ಆಮೇಲೆ ಆ ಸರಾಸರಿಯ ಮನೆಯ ಹೊರಗೆ ಎಷ್ಟು ಮಕ್ಕಳಿದ್ದಾರೆ ಎಂದೂ ಎಣಿಸೋಣ. ಆ ಎರಡನೆಯ ಲೆಕ್ಕ ಪುಸ್ತಕದಲ್ಲಿಲ್ಲ, ನಾವೇ ಸೇರಿಸಬೇಕು.

ಅಂದ ಹಾಗೆ, ಆ ಹುಡುಗಿಯ ಕತೆ ಹೇಳಿ ಮುಗಿಸುತ್ತೇವೆ. ನಮ್ಮ ಮೇಡಂ ಆಕೆಯ ತಾಯಿಗೆ ಹೇಳಿ ಕಳಿಸಿದರು. ಆಕೆ ಬಂದು ಅಂಗಿಯನ್ನು ತಿರುಗಿಸಿ ನೋಡಿದರು. "ಕಂಕುಳ ಹತ್ರ ಬಟ್ಟೇನೇ ಇಲ್ವಲ್ಲ ಮೇಡಂ, ಇದು ಆಯಮ್ಮನ ಅಳತೀನೇ ಅಲ್ಲ" ಅಂದರು. ಅಂಚಿನಲ್ಲಿ ಉಳಿದಿದ್ದ ಬಟ್ಟೆಯಿಂದ ಎರಡು ಚೌಕದ ತುಂಡು ಕತ್ತರಿಸಿ, ಎರಡೂ ಕಂಕುಳಿಗೆ ಕೂಡಿಸಿ ಕೊಟ್ಟರು. ಅರ್ಧ ಗಂಟೆಯ ಕೆಲಸ. ಮರುದಿನ ಬೋರ್ಡಿಗೆ ಕರೆದೆವು. ಹುಡುಗಿ ಎದ್ದು ಬಂದು, ಕೈ ಎತ್ತಿ, ಬೋರ್ಡಿನ ಮೇಲ್ತುದಿಯಿಂದ ಲೆಕ್ಕ ಬರೆಯತೊಡಗಿದಳು.

ನಿಮ್ಮ ಶಾಲೆಯ ಬೀರು ಒಮ್ಮೆ ತೆಗೆದು ನೋಡಿ.